ಮಾರೆಪ್ಪನವರ ರೈಫಲ್ಲಿಗೆ ಏಳು ಎಂ.ಎಂ. ನಳಿಗೆ

೧೯೫೧ರಲ್ಲಿ ನಾನು ಬಳ್ಳಾರಿಯಲ್ಲಿ ಬಂದೂಕು ದುರಸ್ತಿಯ ಅಂಗಡಿ ನಡೆಸುತ್ತಿದ್ದೆ. ಯುದ್ಧದ ವರ್ಷಗಳಲ್ಲಿ ಸೈನ್ಯದಲ್ಲಿ ಆರ್ಮರರ್ ಆಗಿ, ಎಂದರೆ ಬಂದೂಕುಗಳನ್ನು ಬಿಚ್ಚಿ ಸರಿಮಾಡುವ ಕೆಲಸಗಾರನಾಗಿ ಕಲಿತ ವಿದ್ಯೆ ಅದು. ಸತ್ಯನಾರಾಯಣಪೇಟೆಯಲ್ಲಿ ಮನೆ, ಕೋಟೆ ಗುಡ್ಡದ ಕೆಳಗೆ ಅಂಗಡಿ. ಉಕ್ಕು ಕಡೆಯುವ ಒಂದು ಲೇತು, ಒಂದು ಬೆಂಚು, ಗೋಡೆಯ ಮೇಲೆ ಕಲೆಕ್ಟರ್ ಕಚೇರಿಯ ಪರವಾನಗಿ. ಬೆಳೆಗೆ ನುಗ್ಗುವ ಹಂದಿ ಓಡಿಸುವ ರೈತರ ಬಂದೂಕುಗಳು ಬರುತ್ತಿದ್ದವು. ಆದರೆ ಅಂಗಡಿ ನಡೆಯುತ್ತಿದ್ದುದು ಹೆಚ್ಚಾಗಿ ಊರಿನ ರೈಫಲ್ ಕ್ಲಬ್ಬಿನ ಕೆಲಸದಿಂದ.

ಆ ಬೇಸಿಗೆ ಹವಾಲ್ದಾರ್ ಮಾರೆಪ್ಪನವರು ಸಿರುಗುಪ್ಪದ ಬಸ್ಸಿಳಿದು, ಕಂಬಳಿಯಲ್ಲಿ ಸುತ್ತಿದ ರೈಫಲ್ ಹೊತ್ತು ಬಂದರು. ಊರು ದೇಶನೂರು. ಬರ್ಮಾದ ಯುದ್ಧದಲ್ಲಿ ಬಲಭುಜದ ಮೇಲಿನ ಕೊರಳೆಲುಬಿಗೆ ಗುಂಡು ಬಿದ್ದು, ಪಿಂಚಣಿ ಪಡೆದು ಊರಿಗೆ ಮರಳಿ ಭತ್ತ ಬೆಳೆಯುತ್ತಿದ್ದರು. ರೈಫಲ್ ಅವರ ಪಲ್ಟನ್ನಿನ ಇಂಗ್ಲಿಷ್ ಅಧಿಕಾರಿ ದೇಶ ಬಿಡುವಾಗ ಕಾಗದಪತ್ರ ಸಮೇತ ಕೊಟ್ಟು ಹೋದದ್ದು. ದೂರದ ಗುರಿಗೆಂದೇ ಮಾಡಿದ, ಮೌಸರ್ ನಮೂನೆಯ ಒಳ್ಳೆಯ ಬಂದೂಕು. ಅದರಿಂದ ಕ್ಲಬ್ಬಿನ ಸಾವಿರ ಗಜದ ಪಂದ್ಯವನ್ನು ಅವರು ಎರಡು ವರ್ಷ ಗೆದ್ದಿದ್ದರು. ಕ್ಲಬ್ಬಿನ ಅಧ್ಯಕ್ಷರು ಸಿರುಗುಪ್ಪದ ಅಕ್ಕಿ ಗಿರಣಿಯ ಗೌಡರು. ಉಳಿದವರಿಗೆ ಬಹುಮಾನದ ಬಟ್ಟಲನ್ನು ಕೈಗೆ ಕೊಡುತ್ತಿದ್ದ ಗೌಡರು, ಮಾರೆಪ್ಪನವರ ಸರದಿಗೆ ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಿದ್ದರು. ಎರಡು ವರ್ಷವೂ ಇವರು ತಾವೇ ಎತ್ತಿಕೊಂಡು ಬಂದಿದ್ದರು.

"ಗುಂಡು ಚದುರಾಕತ್ಯಾವ್ರಿ ಮೇಸ್ತ್ರಿ. ನಳಿಗಿ ಹೋತು ಅನಸ್ತೈತಿ" ಎಂದರು.

ನಿಜವಾಗಿತ್ತು. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಇರುತ್ತವೆ. ಸಾವಿರಾರು ಗುಂಡು ಹಾರಿದ ಮೇಲೆ ಅವು ಬುಡದಲ್ಲಿ ಸುಟ್ಟು ಸವೆಯುತ್ತವೆ. ಅದಕ್ಕೆ ರಿಪೇರಿ ಇಲ್ಲ, ಹೊಸ ನಳಿಗೆಯೇ ಆಗಬೇಕು. ಹೊಸ ನಳಿಗೆ ಎಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: ಯಾವ ತೋಟಾಕ್ಕೆ? ಗುಂಡು, ಮದ್ದು ಎರಡನ್ನೂ ಹಿಡಿದ ಆ ತೋಟಾದ ಅಳತೆಗೆ ತಕ್ಕಂತೆ ನಳಿಗೆಯ ಬುಡವನ್ನು ಕೊರೆಯಬೇಕು. ಒಮ್ಮೆ ಕೊರೆದ ಮೇಲೆ ಆ ಬಂದೂಕು ಆ ತೋಟಾಕ್ಕೇ ಮೀಸಲು.

ಚದುರುವುದನ್ನು ಕಣ್ಣಾರೆ ನೋಡಬೇಕೆಂದು ಊರ ಹೊರಗಿನ ಕಲ್ಲುಕ್ವಾರಿಗೆ ಅವರನ್ನು ಕರೆದೊಯ್ದೆ. ಹಳೆಯ ತೋಟಾ ಥರ್ಟಿ ನಾಟ್ ಸಿಕ್ಸ್ ಎಂಬ ದೊಡ್ಡದು. ಹಾರಿಸಿದಾಗ ಭುಜಕ್ಕೆ ಅದರ ಒದೆತ ಜೋರು. ಕೆಲವು ಗುಂಡು ಹಾರಿಸಿ ಎದ್ದ ಮಾರೆಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರು. ಒದೆತ ಹಳೆಯ ಗಾಯಕ್ಕೆ ಬಡಿದು ಜೋಮು ಹಿಡಿದ ಬಲಗೈ ಬೆರಳುಗಳು ಗುಂಡಿ ಹಿಡಿಯಲಿಲ್ಲ. ನನಗೆ ಬೆನ್ನು ಮಾಡಿ ನಿಂತು ಎಡಗೈಯಿಂದ ಹಾಕಿಕೊಂಡರು.

ಅಂಗಡಿಗೆ ಬಂದ ಮೇಲೆ ನಾನು ಒದೆತ ಕಡಿಮೆ ಇರುವ ಏಳು ಎಂ.ಎಂ. ತೋಟಾಕ್ಕೆ ನಳಿಗೆ ಹಾಕೋಣ ಎಂದೆ. ಅವರ ಮುಖ ಬಿಗಿಯಿತು.

"ಯಾಕ? ಕೈ ನೋಡಿದ್ರೇನು? ಕನಿಕರದ ತೋಟಾ ನನಗ ಬ್ಯಾಡ. ಉಳದಾರೆಲ್ಲ ದೊಡ್ಡದು ಹೊಡೀತಾರ, ನಾನೂ ಅದನ್ನ ಹೊಡೀತೀನಿ."

ನಾನು ಎರಡು ಗುಂಡುಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆ. ಏಳು ಎಂ.ಎಂ. ಗುಂಡು ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರ. ಹಗುರವಾದರೂ ದಾರಿಯಲ್ಲಿ ವೇಗವನ್ನು ಬೇಗ ಕಳೆದುಕೊಳ್ಳುವುದಿಲ್ಲ. ಅವರ ಬಂದೂಕಿನಲ್ಲಿ ತೋಟಾವನ್ನು ಬಿಗಿಹಿಡಿಯುವ ಬೋಲ್ಟಿಗೂ ತೋಟಾ ತುಂಬುವ ಮ್ಯಾಗಜೀನಿಗೂ ಏನೂ ಬದಲಾವಣೆ ಮಾಡದೆ ಕೂಡುತ್ತದೆ. ಗೌಡರು ಹೊಡೆಯುವ ಮುನ್ನೂರರ ಮ್ಯಾಗ್ನಮ್ ಎಂಬ ದಪ್ಪ ತೋಟಾ ಕೂಡಿಸಬೇಕಾದರೆ ಬೋಲ್ಟಿನ ಬುಡದ ಉಕ್ಕನ್ನೇ ಕೆತ್ತಬೇಕು. ಅಲ್ಲಿ ಬಲ ಕಡಿಮೆಯಾದರೆ ಒಡೆಯುವುದು ಹೊಡೆಯುವವನ ಮುಖದ ಮುಂದೆ. ಇಷ್ಟನ್ನು ಹೇಳಿ, "ಕನಿಕರ ಇದ್ರ ಬಂದೂಕ ಮಾರಿಬಿಡ್ರಿ ಅಂತಿದ್ದೆ. ಗೆಲ್ಲಾಕ ಹೇಳಾಕತ್ತೀನಿ" ಎಂದೆ.

ಅವರು ತೆಳ್ಳನೆಯ ಗುಂಡನ್ನು ಎತ್ತಿ ಬೆರಳುಗಳ ನಡುವೆ ಉರುಳಿಸಿ ನೋಡಿದರು. "ಮಾಡ್ರಿ" ಎಂದರು.

ಮದ್ರಾಸಿನ ವ್ಯಾಪಾರಿಯೊಬ್ಬರ ಬಳಿ ಯುದ್ಧಕ್ಕೆ ಮೊದಲು ತರಿಸಿಟ್ಟ ಬರ್ಮಿಂಗ್‌ಹ್ಯಾಮ್ ನಳಿಗೆ ಇತ್ತು. ಬೋರು, ಎಂದರೆ ನಳಿಗೆಯ ತೂತಿನ ಅಳತೆ, ಬದಲಾದರೆ ಲೈಸೆನ್ಸಿನಲ್ಲೂ ಬದಲಾಗಬೇಕು. ಅರ್ಜಿ ಕಲೆಕ್ಟರ್ ಕಚೇರಿಗೆ ಹೋಯಿತು. ಅಲ್ಲಿಂದ ಸುದ್ದಿ ಕ್ಲಬ್ಬಿಗೆ ಮುಟ್ಟಿತು. ನಳಿಗೆ ಇನ್ನೂ ಲೇತಿನ ಮೇಲಿರುವಾಗಲೇ ಕ್ಲಬ್ಬು ಹೊಸ ನಿಯಮ ಮಾಡಿತು: ಸಾವಿರ ಗಜದ ಪಂದ್ಯಕ್ಕೆ ಮುನ್ನೂರರ ಬೋರಿಗಿಂತ, ಎಂದರೆ ಮಾರೆಪ್ಪನವರ ಹಳೆಯ ಅಳತೆಗಿಂತ, ಕಡಿಮೆಯ ಬಂದೂಕು ನಡೆಯದು. ಏಳು ಎಂ.ಎಂ. ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದು.

ಗೌಡರು ತಾವೇ ಅಂಗಡಿಗೆ ಬಂದರು.

"ಮೇಸ್ತ್ರಿ, ಆ ನಳಿಗಿ ಕೂಡಿಸಬ್ಯಾಡ್ರಿ. ಹಳೇ ಬೋರೇ ಹಾಕಿ ಕೊಡ್ರಿ. ತಾಕತ್ತಿದ್ರ ಹೊಡೀಲಿ, ಇಲ್ಲಂದ್ರ ಮನ್ಯಾಗ ಇರ್ಲಿ."

"ಗಿರಾಕಿ ಅವರ್ರಿ ಗೌಡ್ರ. ಅವರು ಹೇಳಿದ್ದು ಮಾಡ್ತೀನಿ."

"ಹಂಗಾರ ಕ್ಲಬ್ಬಿನ ಬಂದೂಕು ನಿಮ್ಮ ಅಂಗಡಿಗಿ ಬರಂಗಿಲ್ಲ."

ನನಗೆ ಒಳಗೆ ಭಯವಾಗಿತ್ತು. ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದಳು. ಆದರೆ ನಾನು ಒಪ್ಪಿದ್ದರೆ, ಒಬ್ಬ ಮನುಷ್ಯನ ಕೈ ಕೆಡಿಸುವ ನಳಿಗೆಯನ್ನು ತಿಳಿದೂ ತಿಳಿದೂ ಕೂಡಿಸಬೇಕಿತ್ತು. "ಬರದಿದ್ರ ಬ್ಯಾಡ ಬಿಡ್ರಿ" ಎಂದು ಲೇತು ಚಾಲೂ ಮಾಡಿದೆ. ಅದರ ಸದ್ದಿನಲ್ಲಿ ಅವರು ಮುಂದೆ ಹೇಳಿದ್ದು ನನಗೆ ಕೇಳಿಸಲಿಲ್ಲ.

ನಿಯಮದ ವಿಷಯವನ್ನು ಮಾರೆಪ್ಪನವರಿಗೆ ತಿಳಿಸಿದೆ. ಹಳೆಯ ಬೋರೇ ಬೇಕೆಂದರೆ ಈಗಲೂ ಕಾಲ ಮಿಂಚಿಲ್ಲ ಎಂದೆ.

"ಒಂದು ಭುಜ ಸರಕಾರಕ್ಕ ಕೊಟ್ಟೀನಿ. ಅದರಾಗ ಉಳದಿದ್ದನ್ನ ಇವರ ಕ್ಲಬ್ಬಿಗಿ ಕೊಡಂಗಿಲ್ಲ. ನೀವು ಕೂಡಸ್ರಿ" ಎಂದರು.

ಪಂದ್ಯ ನಡೆಯುತ್ತಿದ್ದುದು ಕುರುಗೋಡಿನ ಬಂಡೆಗುಡ್ಡದ ಕೆಳಗಿನ ಸರ್ಕಾರಿ ಬಯಲಿನಲ್ಲಿ. ಆ ದಿನ ಮಾರೆಪ್ಪ ಮಿಲಿಟರಿ ಕೋಟು ತೊಟ್ಟು ಬಂದರು. ಪಂದ್ಯಕ್ಕೆ ಹೆಸರು ಬರೆಸಲಿಲ್ಲ. ಬೇವಿನ ಮರದ ಕೆಳಗೆ ಕೂತು ಎಲ್ಲರೂ ಹೊಡೆಯುವುದನ್ನು ನೋಡಿದರು. ಗೌಡರು ಕೆಟ್ಟ ಗುರಿಕಾರರಲ್ಲ. ಬೀಸುಗಾಳಿಯಲ್ಲೂ ಚೆನ್ನಾಗಿ ಹೊಡೆದು ಅವರೇ ಗೆದ್ದರು. ಬಹುಮಾನ ಕೊಟ್ಟಾಯಿತು. ಆಗ ಮಾರೆಪ್ಪ ಎದ್ದು, ತಾವೇ ತಂದ ಚಾಪೆಯನ್ನು ಸಾವಿರ ಗಜದ ಗೆರೆಯಲ್ಲಿ ಹಾಸಿದರು.

"ಯಾರು ಹೇಳಿದ್ರು ಅವನಿಗಿ? ಎಬ್ಬಸ್ರಿ" ಎಂದರು ಗೌಡರು.

ಬಂದೋಬಸ್ತಿಗೆ ಬಂದಿದ್ದ ಇನ್‌ಸ್ಪೆಕ್ಟರ್ ಮಾರೆಪ್ಪನವರ ಲೈಸೆನ್ಸು ತರಿಸಿಕೊಂಡು ಓದಿದರು. "ಕಾಗದ ಸರಿ ಐತ್ರಿ. ಬಯಲು ಸರಕಾರದ್ದು. ಪಂದ್ಯ ಮುಗದೈತಿ, ಹೊಡೀಲಿ ಬಿಡ್ರಿ" ಎಂದರು.

ಮೊದಲ ಗುಂಡು ಗುರಿಹಲಗೆಯ ನಡುವಿನ ಕರಿವೃತ್ತದಿಂದ ಹೊರಗೆ ಬಿತ್ತು. ಯಾರೋ ನಕ್ಕರು. ಮಾರೆಪ್ಪ ಸೈಟನ್ನು, ಎಂದರೆ ಗುರಿ ಹಿಡಿಯುವ ಕಿಂಡಿಯನ್ನು ಒಂದಿಷ್ಟು ತಿರುಗಿಸಿದರು. ಅಲ್ಲಿಂದ ಮುಂದೆ, ಗುರಿಹಲಗೆಯ ಬಳಿಯ ಗುಂಡಿಯಲ್ಲಿದ್ದವರು ಗುಂಡು ಬಿದ್ದ ಜಾಗ ತೋರಿಸಲು ಎತ್ತುವ ಬಿಳಿ ಬಿಲ್ಲೆ ಪ್ರತಿ ಸಲವೂ ಕಪ್ಪಿನ ಮೇಲೆಯೇ ನಿಂತಿತು. ಹೊರಡಲು ಎದ್ದವರು ಮತ್ತೆ ಕೂತರು.

"ಗಾಳಿ ನಿಂತೈತಿ. ಗಾಳಿ ಇಲ್ದಾಗ ಯಾರು ಬೇಕಾದ್ರೂ ಹೊಡೀತಾರ" ಎಂದರು ಗೌಡರು.

ಮಾತು ಸುಳ್ಳಾಗಿರಲಿಲ್ಲ, ಗಾಳಿ ನಿಜಕ್ಕೂ ಬಿದ್ದಿತ್ತು. ಮಾರೆಪ್ಪ ಮಲಗಿದ್ದಲ್ಲಿಂದಲೇ ತಲೆ ಹೊರಳಿಸಿ, "ಹಂಗಾರ ಗಾಳಿ ಬರೂತನಕ ಇಲ್ಲೇ ಅದೀನಿ, ಗೌಡ್ರ" ಎಂದರು.

ಬಿಸಿಲು ಅವರ ಬೆನ್ನ ಮೇಲೆ ಬೀಳುತ್ತಿತ್ತು. ಅವರು ಚಾಪೆ ಬಿಟ್ಟು ಏಳಲಿಲ್ಲ. ನೋಡುವವರೂ ಏಳಲಿಲ್ಲ. ಹೊತ್ತು ಇಳಿಯುವಾಗ ಹತ್ತಿ ಹೊಲಗಳ ಕಡೆಯಿಂದ ಕಪ್ಪು ಧೂಳೆಬ್ಬಿಸುತ್ತ ಗಾಳಿ ಬಂತು. ಗಾಳಿ ತಿಳಿಯಲೆಂದು ನೆಟ್ಟಿದ್ದ ಬಾವುಟ ನೆಟ್ಟಗೆ ಚಾಚಿತು. ಮಾರೆಪ್ಪ ಅದನ್ನು ನೋಡಿ, ಕಿಂಡಿಯನ್ನು ಸರಿಪಡಿಸಿ, ಪುನಃ ಹೊಡೆಯತೊಡಗಿದರು. ಒಂದು ಗುಂಡು ಅಂಚಿಗೆ ಹೋಯಿತು. ಉಳಿದವೆಲ್ಲ ಕಪ್ಪಿನಲ್ಲಿ. ಗೌಡರು ಗಳಿಸಿದ್ದಕ್ಕಿಂತ ಅದು ಹೆಚ್ಚೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೌಡರು ಕೊನೆಯ ಗುಂಡಿನವರೆಗೂ ನಿಂತು ನೋಡಿ ಕಾರು ಹತ್ತಿದರು. ಮಾರೆಪ್ಪ ಎದ್ದು ನಿಂತು, ಎಲ್ಲರ ಎದುರು, ಬಲಗೈಯಿಂದಲೇ ಕೋಟಿನ ಗುಂಡಿ ಹಾಕಿಕೊಂಡರು.

ಕ್ಲಬ್ಬು ನಿಯಮ ಬದಲಿಸಲಿಲ್ಲ. ಅದರ ಕೆಲಸ ನನಗೆ ಬಹಳ ವರ್ಷ ಬರಲಿಲ್ಲ. ತಂಗಿಯ ಮದುವೆ ಒಂದು ವರ್ಷ ತಡವಾಗಿ ಆಯಿತು. ಆದರೆ ಮರುವರ್ಷವೂ, ಅದರ ಮರುವರ್ಷವೂ ಮಾರೆಪ್ಪ ಬಹುಮಾನ ಹಂಚಿ ಮುಗಿದ ಮೇಲೆ ಚಾಪೆ ಹಾಸಿದರು. ಸುತ್ತಲಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಜನ ಪಂದ್ಯ ಮುಗಿಯುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ನನ್ನ ಕೆಲಸ ಕಲಿಸಿದ್ದು ಇಷ್ಟು. ತೋಟಾ ಆರಿಸುವುದೆಂದರೆ ಆ ಬಂದೂಕನ್ನು ಯಾರು ಹೊಡೆಯಬಹುದು, ಯಾರು ಹೊಡೆಯಬಾರದು ಎಂದು ಆರಿಸಿದ ಹಾಗೆ. ಆ ಅಧಿಕಾರ ಬಂದೂಕಿನ ಒಡೆಯನದು. ಬೇರೆ ಯಾರೇ ಬಂದು ಕೇಳಿದರೂ ನಾನು ಅದನ್ನು ಅವರ ಕೈಗೆ ಕೊಟ್ಟಿಲ್ಲ.