ಒಡ್ಡಿನ ಮೇಲೆ ನಿಂತವನು

ಅದು ೨೦೨೨ನೆಯ ಇಸವಿ; ಆಗ ನನಗೆ ಐವತ್ತಮೂರು ವರ್ಷ. ಸ್ವಯಂನಿವೃತ್ತಿ ಪಡೆದು ಇಂಡಿ ಊರಿನ ಮನೆಯಲ್ಲಿ ನೆಲೆಸಿದ ಮೇಲಿನ ಮೂರನೆಯ ಚಳಿಗಾಲ. ವಯಸ್ಸನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮನಗೂಳಿಯಲ್ಲಿ ನನ್ನ ತಂದೆಯವರಿಗೆ ಮರೆವು ಹಿಡಿದದ್ದು ಇದೇ ವಯಸ್ಸಿನಲ್ಲಿ.

ಅದು ಮರೆವೆಂದು ಮೊದಲು ಯಾರಿಗೂ ತಿಳಿಯಲಿಲ್ಲ. "ನಿಮ್ಮ ಅಪ್ಪಾರು ಬಾಗೇವಾಡಿ ಸಂತ್ಯಾಗ ಸಿಕ್ಕಿದ್ರು" ಎಂದು ಒಬ್ಬರು, "ಕೆರಿ ದಂಡಿಗೆ ಒಬ್ರ ಕುಂತಿದ್ರು" ಎಂದು ಇನ್ನೊಬ್ಬರು ಬಂದು ಹೇಳುತ್ತಿದ್ದರು. ತಂದೆಯವರು ಎಲ್ಲವನ್ನೂ ಅಲ್ಲಗಳೆಯುತ್ತಿದ್ದರು. ಅವರು ಸುಳ್ಳಾಡುವವರಲ್ಲವಾದ್ದರಿಂದ ನಾವು ನೋಡಿದವರ ಕಣ್ಣನ್ನೇ ದೂರುತ್ತಿದ್ದೆವು. ಕೊನೆಗೊಂದು ದಿನ ಅವರ ಕೊಡೆ ದೂರದ ಊರಿನ ಗುಡಿಯ ಕಟ್ಟೆಯ ಮೇಲೆ ಸಿಕ್ಕಿತು. ಅದನ್ನು ತಂದು ಕೈಗಿತ್ತಾಗ ಅವರು ಹಿಡಿಕೆಯ ಮೇಲೆ ತಾವೇ ಕೊರೆದ ಗುರುತನ್ನು ಬೆರಳಿನಿಂದ ಸವರಿ, ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಮುಂದೆ ಯಾವುದನ್ನೂ ಅಲ್ಲಗಳೆಯಲಿಲ್ಲ.

ಅಂದಿನಿಂದ ನಾನು ದಿನಚರಿ ಇಟ್ಟವನು. ಮುದ್ದೇಬಿಹಾಳ, ಸಿಂದಗಿ, ತಾಂಬಾ ಎಂದು ಊರೂರು ತಿರುಗಿ ಇಪ್ಪತ್ತಾರು ವರ್ಷ ಶಾಲೆಗಳಲ್ಲಿ ವ್ಯಾಕರಣ ಕಲಿಸಿದೆ. ಒಂದು ದಿನದ ಪುಟವೂ ಖಾಲಿ ಉಳಿಯಲಿಲ್ಲ. ಎದ್ದದ್ದು, ಉಂಡದ್ದು, ಭೇಟಿಯಾದದ್ದು, ಎಲ್ಲವೂ ಗಂಟೆ ಸಹಿತ. ನೀನು ಯಾರೆಂದು ಯಾರಾದರೂ ಕೇಳಿದ್ದರೆ ಆ ವಹಿಗಳ ಸಾಲನ್ನು ತೋರಿಸುತ್ತಿದ್ದೆನೇನೋ.

ಡಿಸೆಂಬರ್ ಮೊದಲ ವಾರದಲ್ಲಿ ಬಸ್‌ಸ್ಟ್ಯಾಂಡಿನ ಬಳಿಯ ಚಹಾದಂಗಡಿಗೆ ಹೋಗಿದ್ದೆ. ಅಂಗಡಿಯ ಚಾಚಾ ನನ್ನ ಹಳೆಯ ಸ್ನೇಹಿತರು. ಮಗಳನ್ನು ಸಿಂದಗಿಗೆ ಕೊಟ್ಟಿದ್ದಾರೆ. ಕಪ್ಪನ್ನು ಮುಂದಿಟ್ಟು, "ಏನ್ ಮಾಸ್ತರ, ನನ್ನ ಮ್ಯಾಲೆ ಸಿಟ್ಟೇನ್ರಿ?" ಎಂದರು.

"ಯಾಕ?"

"ಸೋಮವಾರ ಮುಂಜಾನಿ ಮಗಳ ಮನಿಗೆ ಹೊಂಟಿದ್ದೆ. ತಾಂಬಾ ದಾಟಿದ ಮ್ಯಾಲೆ ರೋಡಿನ ಬಾಜೂ ಒಡ್ಡಿನ ಮ್ಯಾಲೆ ನಿಂತಿದ್ರಿ. ಬಸ್ಸಿನ ಕಿಡಕ್ಯಾಗಿಂದ ಎಷ್ಟ್ ಕೈ ಮಾಡಿದ್ರೂ ಹೊಳ್ಳಿ ನೋಡಲಿಲ್ಲ. ರಿಟೈರ್ ಆದ್ರೂ ಬಿಡವಲ್ರಿ, ಜ್ವಾಳಕ್ಕ ಪಾಠಾ ಹೇಳಾಕತ್ತೀರಿ!"

ಇಬ್ಬರೂ ನಕ್ಕೆವು. ಮನೆಗೆ ಬಂದು ದಿನಚರಿ ತೆರೆದೆ. ಸೋಮವಾರ ಮುಂಜಾನೆ ಏಳಕ್ಕೆ ಸ್ನಾನ, ಎಂಟಕ್ಕೆ ಪತ್ರಿಕೆ. ವಹಿಯನ್ನು ಮುಚ್ಚಿದೆ.

ನಾಲ್ಕು ದಿನಗಳ ತರುವಾಯ ಫೋನ್ ಬಂತು. ಸಿಂದಗಿಯಲ್ಲಿ ನನ್ನೊಡನೆ ಕೆಲಸ ಮಾಡಿದ ಬಾಯಿಯವರು, ಅಂದರೆ ಶಿಕ್ಷಕಿ. "ಸರ, ಆರಾಮ ಅದೀರಿಲ್ರಿ?" ಎಂದು ಶುರುಮಾಡಿ ತಡವರಿಸಿದರು. "ಇವತ್ತು ಮುಂಜಾನಿ ತಾಂಬಾದ ಕಡೆ ಮಂಜಿನ್ಯಾಗ ನಿಂತಿದ್ರಿ. ಅದೇ ಕಂದು ಕೋಟು, ಅದೇ ಟೊಪಗಿ. ಗಾಡಿ ನಿಂದ್ರಿಸಿ ರೋಡಿನ ಮ್ಯಾಲಿಂದ ಎರಡ್ ಸಲ ಒದರಿದೆ. ನೀವು ಮಾತಾಡಲಿಲ್ಲ. ನನಗ್ಯಾಕೋ ಅಂಜಿಕಿ ಬಂತ್ರಿ, ಹಂಗ ಹೊಂಟ ಬಂದೆ."

ಆ ಕೋಟನ್ನು ನಿವೃತ್ತಿಯಾದ ದಿನ ಟ್ರಂಕಿನಲ್ಲಿ ಬೇವಿನೆಲೆ ಹಾಸಿ ಇಟ್ಟಿದ್ದೆ. ಹೆಂಡತಿ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಟ್ರಂಕು ತೆರೆದೆ. ಒಣಗಿದ ಎಲೆಗಳು ಒತ್ತಿಹೋಗಿ ಕೋಟಿನ ಆಕಾರವಿನ್ನೂ ಹಾಗೆಯೇ ಉಳಿದಿತ್ತು. ಕೋಟು ಇರಲಿಲ್ಲ. ಟೊಪ್ಪಿಗೆಯೂ ಇರಲಿಲ್ಲ.

ಹೆಂಡತಿಯನ್ನು ಕೇಳಬಹುದಿತ್ತು. ಕೇಳಿದರೆ, ತಂದೆಯವರ ಆ ಕೊಡೆಯನ್ನು ತಂದು ಅವಳ ಕೈಯಲ್ಲಿಟ್ಟಂತಾಗುತ್ತಿತ್ತು.

ಅಲ್ಲಿಂದ ಮುಂದೆ ನಾನು ನನ್ನನ್ನೇ ಕಾಯತೊಡಗಿದೆ. ಚಪ್ಪಲಿಯ ಅಟ್ಟೆಯಲ್ಲಿ ಎರೆಮಣ್ಣಿದೆಯೇ ಎಂದು ದಿನವೂ ನೋಡಿದೆ. ಅಂಗಿಗಳ ಕಿಸೆಯಲ್ಲಿ ಬಸ್ಸಿನ ಟಿಕೆಟು ಹುಡುಕಿದೆ, ಸಿಗಲಿಲ್ಲ. ಸಮಾಧಾನವಾಗಲಿಲ್ಲ, ಏಕೆಂದರೆ ಟಿಕೆಟು ಇದ್ದರೆ ಆ ಕೋಟಿನ ಕಿಸೆಯಲ್ಲೇ ಇರಬೇಕು. ದಿನಚರಿಯ ಅಕ್ಷರ ನನ್ನದೇ ಆಗಿತ್ತು. ಆದರೆ ತಂದೆಯವರ "ನಾ ಹೋಗಿಲ್ಲ" ಎಂಬ ಮಾತೂ ಅವರದೇ ಆಗಿತ್ತಲ್ಲ. ಒಂದು ಮುಂಜಾನೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿದ್ದವನು ನನಗಿಂತ ಹೆಚ್ಚು ಬಲ್ಲವನಂತೆ ಕಂಡ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

"ಯಾಕ್ರಿ, ಎಂಟ್ ದಿನಾ ಆತು ಸರಿಯಾಗಿ ಉಣ್ಣವಲ್ರಿ" ಎಂದಳು ಹೆಂಡತಿ.

"ಏನಿಲ್ಲ."

ಅವಳು ಮತ್ತೆ ಕೇಳಲಿಲ್ಲ. ಟ್ರಂಕಿನ ಕೋಣೆಗೆ ನಾನು ಹೋದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿದ್ದುದನ್ನು ಗಮನಿಸಿದೆ. ಅವಳಿಗೂ ತಿಳಿದಿದೆ, ಅವಳೂ ನನ್ನನ್ನು ಕಾಯುತ್ತಿದ್ದಾಳೆ ಎಂದುಕೊಂಡೆ. ಎಳ್ಳಮಾವಾಸ್ಯೆ ಕಳೆದೊಡನೆ ವಿಜಯಪುರದ ವೈದ್ಯರ ಬಳಿಗೆ ಹೋಗುವುದು, ಅವರು ಹೌದೆಂದರೆ ಒಬ್ಬನೇ ಹೊರಗೆ ಹೋಗುವುದನ್ನು ಬಿಡುವುದು ಎಂದು ನಿಶ್ಚಯಿಸಿದೆ.

ಅಷ್ಟರಲ್ಲಿ ತಾಂಬಾದ ರೈತನೊಬ್ಬ ಫೋನ್ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತರ ಸಮೀಪದವನು. "ಅಮಾಸಿಗೆ ಚರಗಕ್ಕ ಬರ್ರಿ ಸರ. ಅವ್ವಾರನ್ನೂ ಕರ್ಕೊಂಡು ಬರ್ರಿ. ಹೊಲಾ ರೋಡಿಗೇ ಐತಿ." ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಕಡುಬು, ರೊಟ್ಟಿ, ಪುಂಡಿಪಲ್ಯ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ; ಬೆಳೆಯೊಳಗೆ ಭೂತಾಯಿಯ ಪಾಲನ್ನು ಚೆಲ್ಲಿ, ಬಳಿಕ ತಾವು ಉಣ್ಣುತ್ತಾರೆ. ಅದೇ ಚರಗ.

ವಿಷಯ ಹೇಳಿದೊಡನೆ ಹೆಂಡತಿಯ ಮುಖ ಬಿಳುಪೇರಿತು. "ಹೋಗೂದು ಬ್ಯಾಡ್ರಿ" ಎಂದಳು. ಕಾರಣ ಹೇಳಲಿಲ್ಲ. ಅದೇ ರಸ್ತೆ, ಅದೇ ಕಡೆಯ ಹೊಲ. ನಾನು ಹೋಗಲೇಬೇಕಿತ್ತು.

ಹತ್ತು ಗಂಟೆಯ ಬಿಸಿಲಿನಲ್ಲಿ ಬಸ್ಸಿಳಿದೆವು. ಅವಳು ಬೇಕೆಂದೇ ಹಿಂದುಳಿದಳು. ಬಿಳಿಜೋಳ ಎದೆಯುದ್ದ ನಿಂತಿತ್ತು. ಗಾಳಿಯಿಲ್ಲ. ಆ ಕಡೆಯ ಒಡ್ಡಿನ ಮೇಲೆ ನಾನು ನಿಂತಿದ್ದೆ.

ನನಗೆ ಕಂಡದ್ದು ಬೆನ್ನು. ಮೊಳಕೈಗೆ ನಾನೇ ಹೊಲಿದ ತೇಪೆಯಿದ್ದ ಕಂದು ಕೋಟು. ಎಡಗೈ ಬೆನ್ನ ಹಿಂದೆ, ಬಲಗೈ ಮೇಲೆತ್ತಿ. ಎಡ ಹೆಗಲು ತುಸು ಕೆಳಗೆ ವಾಲಿತ್ತು. ನನ್ನ ಬೆನ್ನನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ಅದು ನನ್ನದೆಂದು ಗುರುತಿಸಲು ಕ್ಷಣವೂ ಹಿಡಿಯಲಿಲ್ಲ. ಅವನು ಅಲ್ಲಿದ್ದಾನೆ, ಹಾಗಾದರೆ ನಡೆದುಹೋಗುತ್ತಿರುವ ಇವನು ಯಾರು ಎಂಬ ಪ್ರಶ್ನೆ ಬಂತು. ಕಾಲು ಮಾತ್ರ ನಿಲ್ಲಲಿಲ್ಲ. ಅವನ ಬುಡದಲ್ಲಿ ಎಲೆಯ ಮೇಲೆ ಕಡುಬು, ಪಲ್ಯ ಎಡೆಯಿಟ್ಟು ನೀರು ಚಿಮುಕಿಸಿದ್ದರು. ಸುತ್ತಿ ಮುಂದೆ ಹೋದೆ. ಟೊಪ್ಪಿಗೆಯ ಕೆಳಗೆ ಸುಣ್ಣ ಬಳಿದ ಗಡಿಗೆ. ಇದ್ದಿಲಿನಿಂದ ಬರೆದ ಕನ್ನಡಕ. ಬಾಯಿ ಇರಲಿಲ್ಲ.

ಬೆಳೆಯೊಳಗಿಂದ ರೈತ ಓಡಿಬಂದು ಕೈಮುಗಿದ. "ಸಿಟ್ಟಾಗಬ್ಯಾಡ್ರಿ ಸರ. ಹಕ್ಕಿ ಅಂಜಸೂ ಬೆಚ್ಚಿಗೆ ಹಳೇ ಅಂಗಿ-ಅರಬಿ ಬೇಕಾಗಿತ್ತು. ಹೋದ ತಿಂಗಳ ನಿಂಬಿಕಾಯಿ ಕೊಡಾಕ ಬಂದಾಗ ನೀವು ಮನ್ಯಾಗ ಇದ್ದಿದ್ದಿಲ್ಲ, ಅವ್ವಾರು ಕೊಟ್ರು. ನಮ್ಮ ವರ್ಗದಾಗ ನಿಮಗಂಜಿ ಒಂದ್ ಗುಬ್ಬಿ ಸೈತ ಒಳಗ ಬರ್ತಿದ್ದಿಲ್ಲ. ಅದಕ್ಕ ನೀವು ನಿಂದರೂ ಹಂಗ ನಿಂದ್ರಿಸೇನಿ."

"ಬಾಯಿ?"

"ಬರದಿದ್ದೆ. ನಮ್ಮವ್ವ ನೋಡಿ ಅಂಜಿ ಒರೆಸಿಬಿಟ್ಲು. ಹೊಲಾ ಕಾಯಾಂವಗೂ ಪಾಲು ಕೊಡಬೇಕಂತ ಎಡಿ ಇಟ್ಟಾಕಿನೂ ಅಕಿನ."

"ಹಕ್ಕಿ ಅಂಜ್ತಾವೇನು?"

ಅವನು ನೆಲ ನೋಡಿದ. "ಮೊದಲ ಎಂಟ್ ದಿನಾ ಅಂಜಿದ್ವು. ಈಗ ನಿಮ್ಮ ಹೆಗಲ ಮ್ಯಾಲೆ ಕುಂತು ತೆನಿ ತಿಂತಾವ್ರಿ."

ಅವನ ಮನೆಯವರು ನಕ್ಕರು. ನಾನು ತಲೆಯೆತ್ತಿದೊಡನೆ ನಗು ಒಮ್ಮೆಲೇ ನಿಂತಿತು. ಆ ಮೌನ ನನಗೆ ಚಿರಪರಿಚಿತ. ಇಪ್ಪತ್ತಾರು ವರ್ಷ ಅದನ್ನು ಗೌರವವೆಂದು ಬರೆದುಕೊಂಡಿದ್ದೆ.

ಒಡ್ಡಿನ ಮೇಲೆ ಕುಳಿತೆ. ಮರೆವು ನನ್ನನ್ನು ಹಿಡಿದಿರಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು.

"ಕೋಟು ಕೊಟ್ಟದ್ದು ನನಗ್ಯಾಕ ಹೇಳಲಿಲ್ಲ?"

"ಬೈತೀರಿ ಅಂತ. ಟ್ರಂಕ್ ತಗದು ನೋಡಿದ್ದೂ ಗೊತ್ತಿತ್ತು. ಆ ಸಿಟ್ಟಿಗೇ ಉಣ್ಣವಲ್ರಿ ಅಂತ ತಿಳದಿದ್ದೆ. ನೀವ್ಯಾಕ ಕೇಳಲಿಲ್ಲ?"

"ಅಂಜಿದ್ದೆ."

"ನೀವು?" ಎಂದಳು. ನನ್ನನ್ನೊಮ್ಮೆ, ಬೆಚ್ಚನ್ನೊಮ್ಮೆ ನೋಡಿದಳು. ತಂದೆಯವರ ಕೊಡೆಯ ಸಂಗತಿಯನ್ನು ಅವಳಿಗೆ ಮೊದಲ ಸಲ ಹೇಳಿದೆ.

"ಬಿಚ್ಚಿ ಕೊಡ್ಲೇನ್ರಿ ಸರ?" ಎಂದ ರೈತ.

"ಬ್ಯಾಡ. ಕೈ ಅಷ್ಟ ಇಳಸು."

ಅವನು ಹಗ್ಗ ಕೊಯ್ದ. ತೋಳು ಜೋತುಬಿತ್ತು. ಎಲ್ಲರೂ ಕುಳಿತು ಉಂಡೆವು. ಎರಡು ರೊಟ್ಟಿ ಹೆಚ್ಚೇ ಉಂಡೆ.

ಮರಳುವಾಗ ಬಸ್ಸಿನ ಕಿಟಕಿಯಿಂದ ಅವನು ಕಂಡ. ನನಗೆ ಅರಿವಾಗುವ ಮೊದಲೇ ನನ್ನ ಕೈ ಮೇಲೆದ್ದಿತ್ತು. ಅವನು ತಿರುಗಿ ನೋಡಲಿಲ್ಲ.

ಅಂದಿನ ಪುಟವನ್ನು ಹೆಂಡತಿ ಹೇಳಿದಂತೆ ಬರೆದೆ. "ಎಡ ಹೆಗಲು ವಾಲೇತಿ ಅಂತ ಬರೀರಿ. ಮದಿವಿಯಾದಾಗಿಂದ ಹಿಂದಿಂದ ನೋಡಾಕತ್ತೇನಿ, ಹಂಗ ಐತಿ" ಎಂದಳು. ಅದನ್ನೂ ಬರೆದು, ಮೇಲೆ ತೇದಿ ಹಾಕಿದೆ: ಶುಕ್ರವಾರ, ೨೩ ಡಿಸೆಂಬರ್ ೨೦೨೨.