ಹೊಲ ಬದಲಾತು, ಕಥೆ ಮುಗೀತು

ಲೋಕಾಪುರದಾಚೆ ಜೋಳ ಕೊಯ್ದ ಹೊಲವೊಂದರಲ್ಲಿ ಬೆಳಕು ಹರಿಯುವ ಮುನ್ನವೇ ಅಮಸಿದ್ದಪ್ಪ ಎದ್ದು ಕೂತಿದ್ದಾರೆ. ಬಲೆಯ ಬೇಲಿಯೊಳಗೆ ಕುರಿಗಳು ಇನ್ನೂ ಮಲಗಿವೆ. ಕುಂಟುತ್ತಿದ್ದ ಕುರಿಯೊಂದರ ಗೊರಸೆತ್ತಿ ಮುಳ್ಳು ಕೀಳುತ್ತಾರೆ. ಕೈಯನ್ನು ಕಂಬಳಿಗೆ ಒರೆಸಿಕೊಂಡು, ರಟ್ಟಿಗೆ ಸಿಕ್ಕಿಸಿದ ಹಾಳೆಗಳನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಬಿಸಿಲೇರಿದರೆ ಮಂದೆ ಬೇರೆ ಹೊಲಕ್ಕೆ ಹೊರಡಬೇಕು. ಅಷ್ಟರೊಳಗೆ ಕಥೆಯೂ ಮುಗಿಯಬೇಕು.

"ಕುರಿ ಎದ್ದ ಮ್ಯಾಲ ಈ ಹೊಲದ ಕತಿಗೆ ಕೈ ಹಚ್ಚೂದಿಲ್ರಿ. ಹೊಲ ಬದಲಾತು, ಕತಿ ಮುಗೀತು" ಎನ್ನುತ್ತಾರೆ ಅವರು.

ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದು ಈ ಭಾಗದ ರೈತರ ರೂಢಿ. ಎರಡು-ಮೂರು ರಾತ್ರಿ ಒಂದು ಹೊಲ, ಆಮೇಲೆ ಇನ್ನೊಂದು. ಹೊಲದ ಒಡೆಯನ ಮನೆಯ ಜಗಳ, ಬದುವಿನ ಮೇಲೆ ಹಾದುಹೋದ ಹೆಂಗಸು, ಬಾವಿಯ ಬಳಿ ಕೇಳಿದ ಮಾತು, ಎಲ್ಲವೂ ಅಮಸಿದ್ದಪ್ಪನವರಿಗೆ ಕಥೆಯೇ. ಸಣ್ಣಕಥೆ ಎಷ್ಟು ಸಣ್ಣದಿರಬೇಕೆಂದು ಪಂಡಿತರು ಗೋಷ್ಠಿ ನಡೆಸಿ ಊಟ ಮಾಡಿ ಏಳುತ್ತಾರೆ. ಇವರಿಗೆ ಆ ಅಳತೆಯನ್ನು ಕುರಿಗಳೇ ಹಾಕಿಕೊಟ್ಟಿವೆ.

ಹುಟ್ಟೂರು ಬೀಳಗಿ ಕಡೆಯದು. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿ, ಈಗ ಪುನರ್ವಸತಿ ಕೇಂದ್ರದಲ್ಲೊಂದು ಮನೆಯಿದೆ. ಓದಿದ್ದು ಏಳನೇ ತರಗತಿ. ತಂದೆ ಬೀರೇಶ್ವರನ ಡೊಳ್ಳಿನ ಪದ ಹಾಡುತ್ತಿದ್ದವರು. ಮಗನ ಮೊದಲ ಕಥೆ ವಾರಪತ್ರಿಕೆಯೊಂದರಲ್ಲಿ ಅಚ್ಚಾದದ್ದು ೧೯೯೭ರಲ್ಲಿ. ಈ ಹದಿನೈದು ವರ್ಷಗಳಲ್ಲಿ ನಲವತ್ತರಷ್ಟು ಕಥೆಗಳು ಮಹಾಲಿಂಗಪುರದ ಬಸ್ ನಿಲ್ದಾಣದ ಬಳಿಯ ಅಂಚೆ ಡಬ್ಬಿ ಸೇರಿ, ಬೇರೆ ಬೇರೆ ಪತ್ರಿಕೆಗಳಲ್ಲಿ ಬೆಳಕು ಕಂಡಿವೆ. ಪುಸ್ತಕ ಮಾತ್ರ ಒಂದೂ ಬಂದಿಲ್ಲ.

ಬರಬಹುದಿತ್ತು. ಎರಡು ವರ್ಷದ ಹಿಂದೆ ಜಮಖಂಡಿಯ ಯುವ ಪ್ರಕಾಶಕ ಕೌಸ್ತುಭ ಇವರನ್ನು ಹುಡುಕಿಕೊಂಡು ಬಂದರು. "ಕಾಕಾ, ಕಥಾಸಂಕಲನ ಯಾರೂ ಮುಟ್ಟೂದಿಲ್ಲ. ಒಂದು ಕಾದಂಬರಿ ಬರದು ಕೊಡ್ರಿ, ನಾ ಹಾಕತೇನಿ" ಎಂದರು. ಪುಸ್ತಕವೆಂದರೆ ಯಾರಿಗೆ ಬೇಡ? ಆ ಮಳೆಗಾಲ ಅಮಸಿದ್ದಪ್ಪ ಮನೆಯಲ್ಲಿ ಕೂತು ಬರೆದರು. ಹೆಂಡತಿ ತಂಗೆವ್ವ ಮಳೆಗೆ ಕಂಬಳಿಯ ಕೊಪ್ಪೆ ಹೊದ್ದು ಮಂದೆಯ ಹಿಂದೆ ತಿರುಗಿದರು.

ಬರೆದದ್ದನ್ನು ಓದಿದ ಕೌಸ್ತುಭ ತಲೆ ಕೆರೆದುಕೊಂಡರು. ಮೊದಲ ಅಧ್ಯಾಯದಲ್ಲಿ ಗಂಡನನ್ನು ಬಿಟ್ಟು ಬಂದು ಬಾವಿಕಟ್ಟೆಯ ಮೇಲೆ ಕೂತ ಹೆಣ್ಣುಮಗಳು ಆಮೇಲೆ ಎಲ್ಲೂ ಕಾಣುವುದಿಲ್ಲ. ಎರಡನೆಯದರಲ್ಲಿ ಬೇರೆ ಹೊಲ, ಬೇರೆ ಜನ. ಮೂರನೆಯದರಲ್ಲಿ ಮತ್ತೆ ಬೇರೆ. ಹೀಗೆ ಎಂಟು ಅಧ್ಯಾಯ. "ಆಕಿ ಎಲ್ಲಿ ಹೋದ್ಳು ಕಾಕಾ?" ಎಂದು ಕೇಳಿದರೆ ಇವರ ಉತ್ತರ: "ಆಕಿ ಎಲ್ಲೀನೂ ಹೋಗಿಲ್ರಿ, ಅಲ್ಲೇ ಅದಾಳ. ನಾವು ಮುಂದ ಬಂದ್ವಿ."

ಇಂಥ ತಪ್ಪನ್ನು ಕುರಿ ಕಾಯುವವನು ಮಾತ್ರ ಮಾಡಬಲ್ಲ. ಮನೆಯೊಳಗೆ ಕೂತರೂ ಕಾಲು ನಿಂತಿರಲಿಲ್ಲ.

ಕೌಸ್ತುಭ ಒಳ್ಳೆಯ ಮನುಷ್ಯ, ಒಂದು ದಾರಿ ತೋರಿಸಿದರು. ಒಂದಕ್ಷರವನ್ನೂ ತಿದ್ದುವುದು ಬೇಡ, ಹೀಗೆಯೇ ಅಚ್ಚು ಹಾಕೋಣ, ಮುಖಪುಟದ ಮೇಲೆ 'ಕಾದಂಬರಿ' ಎಂದು ಬರೆದರಾಯಿತು. ಅಮಸಿದ್ದಪ್ಪ ಒಪ್ಪಲಿಲ್ಲ. "ಎಂಟು ಕುರಿ ಸಾಲಾಗಿ ನಿಂದರಿಸಿ, ಇದೊಂದು ಎಮ್ಮಿ ಅನ್ನಾಕ ಬರತೈತೇನ್ರಿ?" ಎಂದು ಹಾಳೆಗಳನ್ನು ವಾಪಸು ತಂದರು. ಎಂಟೂ ಅಧ್ಯಾಯಗಳು ಎಂಟು ಕಥೆಗಳಾಗಿ ಪತ್ರಿಕೆಗಳಿಗೆ ಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಂಗೆವ್ವನ ಸಿಟ್ಟು ಇನ್ನೂ ಆರಿಲ್ಲ. ಮೂರು ಕಲ್ಲಿನ ಒಲೆಗೆ ಊದುತ್ತಲೇ ಹೇಳುತ್ತಾರೆ: "ಹೂಂ ಅಂದಿದ್ರ ಪುಸ್ತಕ ಆಗತಿತ್ರಿ. ಮ್ಯಾಲ ಏನ್ ಬರದ್ರೇನು, ಒಳಗಿಂದು ಅದ ಅಲ್ಲೇನು? ಮಳ್ಯಾಗ ನಾ ತೊಯ್ಸಿಕೊಂಡದ್ದು ಯಾದಕ್ಕ?"

ಆಕೆ ಕೇಳುವುದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅಮಸಿದ್ದಪ್ಪನವರ ಪಟ್ಟೂ ತಪ್ಪೆನಿಸಲಿಲ್ಲ.

ಬಿಸಿಲು ಬಂತು. ಅಮಸಿದ್ದಪ್ಪ ಕಡೆಯ ಸಾಲು ಬರೆದು ಹಾಳೆ ಮಡಚಿದರು. ಬಲೆ ಬಿಚ್ಚತೊಡಗಿದ ಅವರ ಬಳಿ ಹೋಗಿ, ಪುಸ್ತಕವಾಗಲಿಲ್ಲವೆಂದು ಬೇಸರವಿಲ್ಲವೇ ಎಂದು ಕೇಳಿದೆ.

"ಐತ್ರಿ, ಯಾಕ ಇಲ್ಲ? ಆದ್ರ ನಾ ಕಾದಂಬರಿ ಬರದಾಂವ ಅಲ್ಲ, ಸುಳ್ಳ ಹೆಂಗ ಹೇಳ್ಲಿ? ಮ್ಯಾಲ ಕತಿ ಅಂತ ಬರಕೊಂಡ ಬಂದ್ರ ಬರಲಿ, ತಡಾ ಆದ್ರೂ ನಡೀತೈತಿ. ನಾ ಸತ್ತ ಮ್ಯಾಲ ಬಂದ್ರೂ ನಡೀತೈತಿ."

ಒಲೆಯ ಕಡೆ ನೋಡಿ ದನಿ ತಗ್ಗಿಸಿದರು.

"ಖರೆ, ಆಕಿ ಇರೂದ್ರಾಗ ಬರಬೇಕ್ರಿ. ಆಕಿಗೆ ಓದಾಕ ಬರೂದಿಲ್ಲ. ಕೈಯಾಗ ಹಿಡದ ನೋಡಾಕರ ಬರತೈತಿ."