ತೊಳೆಯದೆ ಕೊಡಿ, ನೋಡಬೇಕು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಬೀದಿದೀಪ ಆರಿಲ್ಲ. ಒಂದೇ ಕೋಣೆಯ ಮನೆ. ಮಂಚದ ಕಾಲಿಗೂ ಸ್ಟೌವಿಗೂ ನಡುವೆ ಎರಡು ಮೊಳ ಜಾಗ. ಸೂಪಕ್ಕ ದೊಡ್ಡ ಪಾತ್ರೆಗೆ ಒಂದೇ ಚಮಚ ಎಣ್ಣೆ ಬಿಟ್ಟು, ಈರುಳ್ಳಿ ಸುರಿದು, ಉರಿ ಸಣ್ಣಗೆ ಮಾಡಿ ಮುಚ್ಚುತ್ತಾರೆ. ಈರುಳ್ಳಿ ಮೆತ್ತಗಾಗಬೇಕು, ಕೆಂಪಾಗಕೂಡದು. ಆಮೇಲೆ ಕ್ಯಾರೆಟ್, ಬೀನ್ಸ್, ಕುಂಬಳಕಾಯಿ. ಪಕ್ಕದ ಉರಿಯಲ್ಲಿ ಕೋಸಿನ ದಂಟು, ಕ್ಯಾರೆಟ್ ತುದಿ, ತೊಳೆದ ಸಿಪ್ಪೆಗಳು ಕುದಿಯುತ್ತಿವೆ. ಆ ನೀರನ್ನು ಸೋಸಿ ತರಕಾರಿಗೆ ಸುರಿಯುತ್ತಾರೆ. ಹಿಟ್ಟಿಲ್ಲ, ಬೆಣ್ಣೆಯಿಲ್ಲ, ಕೆನೆಯಿಲ್ಲ. ಎಲೆಕೋಸು ಎಲ್ಲಕ್ಕಿಂತ ಕೊನೆಗೆ.

"ಕೋಸು ಮೊದಲೇ ಹಾಕಿದ್ರೆ ವಾಸನೆ ಹೊಡೆಯುತ್ತೆ. ಹುಷಾರಿಲ್ಲದೋರು ಮುಚ್ಚಳ ತೆಗೀತಿದ್ದ ಹಾಗೇ ಮುಖ ತಿರುಗಿಸ್ತಾರೆ. ಬಾಯಿಗಿಂತ ಮೊದಲು ಮೂಗು ಒಪ್ಪಬೇಕಲ್ಲ?"

ಮಂಚದ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿರುವವರು ಗಂಡ. ಪಂಪ್ ರಿಪೇರಿಯವರು. "ನಂಗೆ ಮೂರು ತಿಂಗಳು ಇದನ್ನೇ ಕುಡಿಸಿದ್ಲು. ಆ ಭಯಕ್ಕೇ ಈಗಲೂ ಹೇಳಿದ್ ಕೆಲಸ ಮಾಡ್ತೀನಿ" ಎನ್ನುತ್ತಾರೆ.

"ಮಾಡೋ ಚೆಂದ ನೋಡಿ! ಪೈಪ್ ತುಂಡು ಮಾಡಿದ ಹಾಗಿದೆ. ಇನ್ನೂ ಸಣ್ಣಗೆ ಹೆಚ್ಚಿ, ಕುಡಿಯೋದು ಮನುಷ್ಯರು."

ಸೂಪಕ್ಕ ಎಂಬುದು ಬೀದಿ ಇಟ್ಟ ಹೆಸರು. ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ದುಡಿದವರು. ಹೊಲಿದ ಅಂಗಿಗಳನ್ನು ದೀಪದ ಕೆಳಗೆ ಹಿಡಿದು ತಪ್ಪು ಹುಡುಕುವುದು ಅವರ ಕೆಲಸವಾಗಿತ್ತು. ಗಂಡನಿಗೆ ಹೊಟ್ಟೆಯ ಆಪರೇಷನ್ ಆಯಿತು. ನಾಲ್ಕು ದಿನ ಹೆಚ್ಚಿಗೆ ರಜೆ ಹಾಕಿದ್ದಕ್ಕೆ ಕಾರ್ಖಾನೆಯವರು ಗೇಟಿನಿಂದಲೇ ವಾಪಸ್ ಕಳಿಸಿದರು. ಹನ್ನೊಂದು ವರ್ಷದ ಕಣ್ಣುರಿಗೆ ಇಷ್ಟೇ ಮರ್ಯಾದೆ. ಮನೆಯಲ್ಲಿ ಗಂಡನಿಗೆ ಮಾಡುತ್ತಿದ್ದ ಸೂಪನ್ನು ಕೆಳಮನೆಯ ಬಾಣಂತಿ ಕೇಳಿದಳು, ಆಮೇಲೆ ಅವಳ ಚಿಕ್ಕಪ್ಪ. ಹೀಗೆ ಶುರುವಾಗಿ ಏಳು ವರ್ಷ. ಈಗ ದಿನಕ್ಕೆ ಹದಿನಾಲ್ಕು ಡಬ್ಬಿ, ಮೂರೂವರೆ ಕಿಲೋ ತರಕಾರಿ, ಲಿಫ್ಟ್ ಇಲ್ಲದ ಐದು ಕಟ್ಟಡ, ಇನ್ನೂರ ಹನ್ನೆರಡು ಮೆಟ್ಟಿಲು. ಏಳು ಗಂಟೆಗೆ ಕೊಟ್ಟು ಬರುತ್ತಾರೆ, ಹನ್ನೊಂದಕ್ಕೆ ಡಬ್ಬಿ ತರಲು ಅಷ್ಟೂ ಮೆಟ್ಟಿಲು ಮತ್ತೆ ಹತ್ತುತ್ತಾರೆ.

ಅವರದು ಒಂದೇ ಕಟ್ಟುನಿಟ್ಟು: ಡಬ್ಬಿ ತೊಳೆಯದೆ ಕೊಡಬೇಕು. ಬಾಗಿಲಲ್ಲೇ ಮುಚ್ಚಳ ತೆಗೆದು ಒಳಗೆ ಇಣುಕುತ್ತಾರೆ. ತಳದಲ್ಲಿ ಕ್ಯಾರೆಟ್ ಉಳಿದಿದ್ದರೆ ಅಗಿಯಲು ಆಗುತ್ತಿಲ್ಲ, ನಾಳೆ ಇನ್ನೂ ಬೇಯಬೇಕು. ಅರ್ಧ ಹಾಗೇ ಇದ್ದರೆ ಕಾಳುಮೆಣಸು ಖಾರವಾಗಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ. "ಕಾರ್ಖಾನೇಲೂ ಅಷ್ಟೇ. ವಾಪಸ್ ಬಂದ ಅಂಗಿ ಎಲ್ಲಾ ಹೇಳ್ತಿತ್ತು" ಎನ್ನುತ್ತಾರೆ.

ಟಿವಿಯಲ್ಲಿ ಉದ್ದ ಟೋಪಿ ಹಾಕಿಕೊಂಡವರು ದಿನಾ ಆರೋಗ್ಯದ ಸೂಪ್ ಕಲಿಸುತ್ತಾರೆ. ಮೇಲೊಂದು ಸೊಪ್ಪಿನ ಎಲೆ ಇಟ್ಟು ಕ್ಯಾಮೆರಾ ನೋಡಿ ನಗುತ್ತಾರೆ. ಹೋಟೆಲುಗಳು ಮೆಕ್ಕೆಜೋಳದ ಹಿಟ್ಟು ಕದಡಿದ ಅಂಟನ್ನು ಬಟ್ಟಲಿಗೆ ಸುರಿದು ಅದಕ್ಕೂ ಅದೇ ಹೆಸರು ಇಡುತ್ತವೆ. ಆ ಬಟ್ಟಲು ವಾಪಸ್ ಹೇಗೆ ಬಂತು ಎಂದು ಅವರಲ್ಲಿ ಒಬ್ಬನಾದರೂ ಇಣುಕಿ ನೋಡಿದ್ದಾನೆಯೇ?

ಇಣುಕಿ ನೋಡುವ ಸೂಪಕ್ಕನೂ ಒಮ್ಮೆ ಮೋಸ ಹೋದರು. ಹೋದ ತಿಂಗಳಷ್ಟೇ. ಆ ಐದರಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಮುದುಕ ಟೈಲರ್ ಇದ್ದಾರೆ. ಬಹಳ ದಿನದ ಜ್ವರದಿಂದ ಎದ್ದ ಮೇಲೆ ಏನೂ ಸೇರುತ್ತಿರಲಿಲ್ಲ. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಸೊಸೆ ದಿನಾ ಸೂಪ್ ತಂದುಕೊಡಲು ಹೇಳಿದಳು. ಎಂಟು ದಿನವೂ ಡಬ್ಬಿ ಫಳಫಳ ತೊಳೆದು ಕೊಟ್ಟಳು. ಹೊಸ ಮನೆ, ನಾಚಿಕೆಯ ಹುಡುಗಿ, ಎರಡು ಸಲ ಹೇಳಿ ಸೂಪಕ್ಕ ಸುಮ್ಮನಾದರು. ಒಂಬತ್ತನೇ ದಿನ ಬಾಗಿಲ ಸಂದಿನಲ್ಲಿ ಟೈಲರ್ ಕಂಡರು. ಅಂಗಿಯ ಕಾಲರಿನಲ್ಲಿ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿತ್ತು.

"ನಿಜ ಹೇಳಮ್ಮಾ, ಕುಡೀತಿದಾರಾ?"

ಸೊಸೆ ಅತ್ತೇಬಿಟ್ಟಳು. "ಎರಡು ಚಮಚ ಅಷ್ಟೇ ಅಕ್ಕಾ. ನೀವು ಇಷ್ಟು ಮೆಟ್ಟಿಲು ಹತ್ತಿ ತರ್ತೀರಾ, ಉಳಿದಿದ್ದನ್ನ ಚೆಲ್ಲಿದೀನಿ ಅನ್ನೋಕೆ ಬಾಯಿ ಬರ್ಲಿಲ್ಲ."

ಸೂಪಕ್ಕ ಅವಳ ಮೇಲೆ ಸಿಟ್ಟಾಗಲಿಲ್ಲ. "ತಪ್ಪು ನಂದೇ. ಕಾರ್ಖಾನೇಲಿ ಕಲೆಯಿಲ್ಲದ ಅಂಗೀನೇ ಹೆಚ್ಚು ಅನುಮಾನದಿಂದ ನೋಡ್ತಿದ್ದೆ. ಇಲ್ಲಿ ಹೊಳೆಯೋ ಡಬ್ಬಿ ನೋಡಿ ಖುಷಿಯಾಗಿ ಬಂದೆ."

ಅವತ್ತು ಡಬ್ಬಿ ತೊಳೆಯದೆ ಸಿಕ್ಕಿತು. ಕ್ಯಾರೆಟ್ಟು, ಬೀನ್ಸು ಇಟ್ಟ ಹಾಗೇ ಇದ್ದವು. ಆದರೆ ಡಬ್ಬಿಯ ಹೊರಮೈ ತುಂಬ ಹನಿ ಇಳಿದ ಗೆರೆ, ಸುತ್ತಿದ ಬಟ್ಟೆಯ ಮೇಲೆ ಅಂಗೈಯಗಲ ಕಲೆ. ಸೂಪಕ್ಕ ಮೆಟ್ಟಿಲ ಮೇಲೇ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಟೈಲರಿಗೆ ಸೂಪ್ ಸೇರದೆ ಇರಲಿಲ್ಲ. ಕೈ ನಡುಗುತ್ತಿತ್ತು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದ ಮನುಷ್ಯ ಸೊಸೆಯ ಎದುರು ಎದೆಯ ಮೇಲೆಲ್ಲ ಚೆಲ್ಲಿಕೊಳ್ಳಲು ನಾಚಿ, ಎರಡು ಚಮಚಕ್ಕೇ ಸಾಕು ಎನ್ನುತ್ತಿದ್ದರು.

ಮಾರನೇ ದಿನದಿಂದ ಅವರ ಪಾಲಿನ ತರಕಾರಿಯನ್ನು ಪೂರ್ತಿ ಬೇಯಿಸಿ, ಜರಡಿಯಲ್ಲಿ ತಿಕ್ಕಿ, ತೆಳ್ಳಗೆ ಮಾಡಿ, ಎರಡೂ ಕಡೆ ಹಿಡಿಯಿದ್ದು ಮುಚ್ಚಳದ ತೂತಿನಿಂದಲೇ ಕುಡಿಯುವ ಲೋಟದಲ್ಲಿ ಅರ್ಧ ಮಾತ್ರ ತುಂಬುತ್ತಾರೆ. ಚಮಚ ಬೇಡ. ಲೋಟ ಕೊಟ್ಟವರು ಕೋಣೆಯಿಂದ ಹೊರಗೆ ಬರಬೇಕು, ಬಾಗಿಲು ಎಳೆದುಕೊಳ್ಳಬೇಕು. ಮೊದಲ ದಿನ ಕಾಲುಭಾಗ ಇಳಿಯಿತು. ಆಮೇಲೆ ಮುಕ್ಕಾಲು. ಹೋದ ವಾರ ಡಾಕ್ಟರ್ ನಳಿಕೆಯ ಮಾತು ಕೈಬಿಟ್ಟರು.

ಇವತ್ತು ಏಳು ಗಂಟೆಗೆ ಸೂಪಕ್ಕ ಬಾಗಿಲ ಹೊರಗೆ ನಿಂತಿದ್ದಾರೆ, ಪಕ್ಕದಲ್ಲಿ ಸೊಸೆ. ಒಳಗೆ ಗುಟುಕಿನ ಸದ್ದು. ಆಮೇಲೆ ಲೋಟ ಕುಕ್ಕಿದ ಸದ್ದು.

"ಏನಮ್ಮಾ ಇದು, ಉಪ್ಪೇ ಇಲ್ಲ! ತರಕಾರಿ ತೊಳೆದ ನೀರು ತಂದಿದೀಯಾ?"

ಸೊಸೆ ಬಾಯಿಗೆ ಕೈ ಇಟ್ಟುಕೊಳ್ಳುತ್ತಾಳೆ. "ಅಕ್ಕಾ, ಮಾವ ಊಟದ ಬಗ್ಗೆ ಬಾಯಿಬಿಟ್ಟು ಎರಡು ತಿಂಗಳಾಯ್ತು."

"ಡಾಕ್ಟರ್ ಹೇಳಿದ್ದಷ್ಟೇ ಹಾಕಿರೋದು ಟೈಲರಣ್ಣಾ!" ಎಂದು ಸೂಪಕ್ಕ ಬಾಗಿಲಾಚೆಯಿಂದಲೇ ಕೂಗುತ್ತಾರೆ.

"ಡಾಕ್ಟರೇ ಕುಡೀಲಿ ಹಾಗಾದ್ರೆ!" ಒಳಗಿನಿಂದ ಗದರಿಕೆ. ಅದರ ಹಿಂದೆಯೇ ಇನ್ನೊಂದು ಗುಟುಕು.

ಇನ್ನೂ ಒಂಬತ್ತು ಡಬ್ಬಿ ತಲುಪಬೇಕು. ಸೂಪಕ್ಕ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾರೆ. ಉಪ್ಪು ಒಂದು ಚಿಟಿಕೆ ಹೆಚ್ಚು ಮಾಡಲು ಡಾಕ್ಟರನ್ನು ಕೇಳಿ ನೋಡಲೇ ಎಂದು ಸೊಸೆ ಮೇಲಿನಿಂದ ಕೂಗಿದರೆ, ಎರಡನೇ ಮಹಡಿಯ ತಿರುವಿನಲ್ಲಿ ನಿಂತು ನಗುತ್ತಾರೆ.

"ಏನೂ ಬೇಡ. ನಾಳೆನೂ ಬೈಲಿ."